ಮದುಮಗಳು ನಗಬಾರದು

ಜೀವಂತ ಮನುಷ್ಯರೆಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಅವರ ಮೇಲೆ ದ್ವೇಷವೇನೂ ಇಲ್ಲ. ಹಾಗೆ ನೋಡಿದರೆ ನಾನೂ ಅವರ ಪೈಕಿಯೇ. ಆದರೆ ಅವರು ಅಲುಗಾಡುತ್ತಾರೆ. ಮೂಗು ತುರಿಸಿಕೊಳ್ಳುತ್ತಾರೆ, ಕಣ್ಣು ಪಿಳುಕಿಸುತ್ತಾರೆ, ನಾನು ಗುಂಡಿ ಒತ್ತುವ ಗಳಿಗೆಗೇ ಸರಿಯಾಗಿ ಪಕ್ಕದವರ ಕಿವಿಯಲ್ಲಿ ಏನೋ ಊದುತ್ತಾರೆ. ಆಳಂದದ ಬಸ್ ಸ್ಟ್ಯಾಂಡಿನ ಹಿಂದೆ ಇಪ್ಪತ್ತು ವರ್ಷಕ್ಕೂ ಮೇಲೆ ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದ ನನ್ನನ್ನು ಯಾರಾದರೂ 'ನಿಮಗೆ ಮನಸ್ಸಿಗೆ ಹಿಡಿಸಿದ ಗಿರಾಕಿ ಯಾರು' ಎಂದು ಕೇಳಿದರೆ, ಸತ್ತವರು ಎಂದೇ ಹೇಳಬೇಕಾಗುತ್ತದೆ. ನಮ್ಮ ಕಡೆ ಮನೆಯ ಹಿರಿಯರು ಲಿಂಗೈಕ್ಯರಾದರೆ ಅವರನ್ನು ಮಲಗಿಸುವುದಿಲ್ಲ. ಗೋಡೆಗೆ ಆನಿಸಿ ಕೂಡಿಸುತ್ತಾರೆ. ಹಣೆ ತುಂಬ ವಿಭೂತಿ, ತಲೆಗೆ ರುಮಾಲು, ಕೊರಳಿಗೆ ಹಾರ. ಅದೆಲ್ಲ ಆದಮೇಲೆ ಒಬ್ಬರು ಸೈಕಲ್ ಹತ್ತಿ ನನ್ನ ಕಡೆ ಬರುತ್ತಾರೆ. ಬದುಕಿದ್ದಾಗ ಒಂದು ಫೋಟೋಕ್ಕೂ ಕೂತಿರದ ಮುದುಕರು ಅವತ್ತು ಎಂಥ ಶಿಸ್ತಿನಿಂದ ಕೂತಿರುತ್ತಾರೆಂದರೆ, ಸುತ್ತಲಿನ ಮಕ್ಕಳು ಮೊಮ್ಮಕ್ಕಳೆಲ್ಲ ಅತ್ತು ಕರೆದು ಅಲುಗಾಡಿ ಮಸುಕಾಗಿ ಬಂದರೂ ಅವರೊಬ್ಬರು ಮಾತ್ರ ಸ್ಪಷ್ಟವಾಗಿ ಬಂದಿರುತ್ತಾರೆ. ನನ್ನ ಹೆಂಡತಿ ಕಮಲಾಬಾಯಿ ಇದನ್ನು ನೋಡಿ ನೋಡಿ ಬೇಸತ್ತು, 'ನಿಮ್ಮ ಕೈಯಾಗ ಛಂದ ಬರಬೇಕಂದ್ರ ಮಂದಿ ಸಾಯಬೇಕು ನೋಡ್ರಿ' ಎನ್ನುತ್ತಿದ್ದಳು. ಹೆಂಡತಿಯ ಬಾಯಿಂದ ಬಂದ ಮೆಚ್ಚುಗೆ ಎಂದು ನಾನು ಅದನ್ನು ಇಟ್ಟುಕೊಂಡಿದ್ದೆ.

ಈ ಕಸುಬಿನಿಂದಾಗಿ ನನಗೆ ಒಂದು ಚಟ ಅಂಟಿತು. ಸ್ಟುಡಿಯೋಕ್ಕೆ ಯಾರು ಬಂದರೂ ಅವರನ್ನು ಗೋಡೆಗೆ ಆನಿಸಿ ಕೂಡಿಸಿ, ಗದ್ದ ಹಿಡಿದು ಒಂದು ಬೆರಳು ಕೆಳಗೆ ತಗ್ಗಿಸಿ, 'ಅಲುಗಾಡಬ್ಯಾಡ್ರಿ, ನಗಬ್ಯಾಡ್ರಿ, ಉಸಿರು ಹಿಡೀರಿ' ಎಂದು ಹೇಳುವುದು. ಮದುವೆಯಲ್ಲಂತೂ ಮದುಮಗಳಿಗೆ ಇದನ್ನು ಎರಡೆರಡು ಸಲ ಹೇಳುತ್ತಿದ್ದೆ. ಅದಕ್ಕೆ ಕಾರಣವೂ ಇತ್ತು. ಹೊಸದಾಗಿ ಕ್ಯಾಮೆರಾ ಹಿಡಿದ ಕಾಲದಲ್ಲಿ ಒಂದು ಮದುವೆಯಲ್ಲಿ ಮದುಮಗಳು ಹಲ್ಲು ಕಾಣುವ ಹಾಗೆ ನಕ್ಕಳು. ನಾನು ಬುದ್ಧಿಗೇಡಿ, ಹಾಗೆಯೇ ತೆಗೆದುಬಿಟ್ಟೆ. ಅಲ್ಬಮ್ ನೋಡಿದ ಅವಳ ಅತ್ತೆ ನನ್ನನ್ನು ಮನೆಗೇ ಕರೆಸಿ ಮಂಗಳಾರತಿ ಎತ್ತಿದರು. 'ತವರುಮನಿ ಬಿಟ್ಟು ಬರೂ ದಿನಾ ಹಲ್ಲು ಕಿಸದಾಳಂದ್ರ ಇಕಿಗಿ ತಾಯಿ ತಂದಿ ಮ್ಯಾಲ ಮಾಯಾ ಇಲ್ಲೇನ್ರಿ? ನಾಕ ಮಂದಿ ನೋಡಿದ್ರ ಏನಂತಾರ?' ಎರಡು ತಿಂಗಳ ಮೇಲೆ ಮತ್ತೆ ಮದುವೆ ಸೀರೆ ಉಡಿಸಿ, ಬಾಸಿಂಗ ಕಟ್ಟಿಸಿ, ಹೊಸದಾಗಿ ಫೋಟೋ ತೆಗೆಸಿದರು. ಅಷ್ಟೊತ್ತಿಗೆ ಆ ಹುಡುಗಿ ಅತ್ತೆಮನೆಯಲ್ಲಿ ಎರಡು ತಿಂಗಳು ಕಳೆದಿದ್ದರಿಂದ ಮುಖ ತಾನಾಗಿಯೇ ಬರೋಬ್ಬರಿ ಬಂದಿತು. ಅವತ್ತಿನಿಂದ ನಾನು ಯಾವ ಮದುಮಗಳನ್ನೂ ನಗಲು ಬಿಟ್ಟವನಲ್ಲ. ಊರಿನ ಅತ್ತೆಯರೆಲ್ಲ 'ಮದುವಿ ಫೋಟೋ ಅಂದ್ರ ಆಳಂದದ ಮಾಸ್ತರ್ರದು' ಎನ್ನತೊಡಗಿದರು. ನಾನು ಶಾಲೆಯ ಮಾಸ್ತರನೇನಲ್ಲ. ಎಲ್ಲರಿಗೂ ಹೀಗೆ ಕೂಡು, ಹಾಗೆ ಕೂಡು ಎಂದು ಹೇಳಿಕೊಡುತ್ತಿದ್ದುದಕ್ಕೆ ಬಿದ್ದ ಹೆಸರು.

ಎಂಬತ್ತರ ದಶಕದ ನಡುವಿನ ಮಾತು. ಸೀಗಿ ಹುಣ್ಣಿಮೆ ಮುಗಿದಿತ್ತು, ದೀಪಾವಳಿಗೆ ಇನ್ನೂ ವಾರವಿತ್ತು. ಮಧ್ಯಾಹ್ನ ಊಟ ಮಾಡಿ ಸ್ಟುಡಿಯೋದ ಬೆಂಚಿನ ಮೇಲೆ ಕಣ್ಣು ಮುಚ್ಚಿದ್ದೆ. ಒಬ್ಬ ಹುಡುಗ ಬಂದು ಬಾಗಿಲಲ್ಲಿ ನಿಂತ. ಇಪ್ಪತ್ತೈದರ ಆಸುಪಾಸು, ಕಿಸೆಯಲ್ಲಿ ಪೆನ್ನಿನ ಬದಲು ಸ್ಕ್ರೂಡ್ರೈವರು. ಹೆಸರು ಶಿವಪುತ್ರ ಎಂದೂ, ಅಫಜಲಪುರದಲ್ಲಿ ರೇಡಿಯೋ ರಿಪೇರಿ ಅಂಗಡಿ ಇದೆಯೆಂದೂ ಹೇಳಿದ.

'ಮಾಸ್ತರ್ರ, ಒಂದು ಮದುವಿ ಅದರಿ.'

'ಎಲ್ಲಿ?'

'ಗುಡ್ಡದ ಮ್ಯಾಲ್ರಿ.'

'ಎಷ್ಟು ಮಂದಿ?'

'ನಾ, ಆಕಿ, ಒಬ್ರು ಅಯ್ಯನವ್ರು. ನೀವು ಬಂದ್ರ ನಾಕ ಮಂದಿ ಆಗ್ತೇವ್ರಿ.'

ನನಗೆ ಎಚ್ಚರವಾಯಿತು. ಓಡಿಹೋಗುವವರ ವ್ಯವಹಾರ ನನಗೆ ಬೇಡ ಎಂದೆ. ಹುಡುಗ ಅಲ್ಲಾಡಲಿಲ್ಲ. ಹುಡುಗಿಯ ಹೆಸರು ಜಗದೇವಿ, ಅಫಜಲಪುರದ ಹತ್ತಿರದ ಹಳ್ಳಿಯ ದೊಡ್ಡ ಸಾವಕಾರರ ಮಗಳು. ಸಾವಕಾರರು ಅವಳನ್ನು ಅವಳ ಸೋದರಮಾವನಿಗೆ ಕೊಡುವುದೆಂದು ಮಾತು ಕೊಟ್ಟಿದ್ದರು. ಸೋದರಮಾವನಿಗೆ ಮೊದಲ ಹೆಂಡತಿ ತೀರಿಕೊಂಡಿದ್ದಳು, ಎರಡು ಮಕ್ಕಳಿದ್ದವು, ತಲೆಯ ನಡುವೆ ಕೂದಲಿರಲಿಲ್ಲ. ಇತ್ತ ಸಾವಕಾರರ ಮನೆಯ ರೇಡಿಯೋ ಆ ವರ್ಷ ಏಳು ಸಲ ಕೆಟ್ಟಿತ್ತಂತೆ. 'ಅಷ್ಟು ಸಲ ಹ್ಯಾಂಗ ಕೆಡ್ತದೋ?' ಎಂದು ಕೇಳಿದೆ. 'ಆಕಿನೇ ವೈರ್ ಕೀಳ್ತಿದ್ಳು ರೀ' ಎಂದು ನೆಲ ನೋಡಿದ.

'ಫೋಟೋ ಯಾಕ ಬೇಕು? ಕಳ್ಳ ಮದುವಿಗಿ ಸಾಕ್ಷಿ ಇಟ್ಟು ಯಾರರೆ ಸಿಕ್ಕೊಂಡ ಬೀಳ್ತಾರೇನು?' ಎಂದೆ.

'ಅದಕ್ಕೇ ಬೇಕ್ರಿ. ಜೇವರ್ಗಿಯಾಗ ನಮ್ಮ ಅತ್ತಿ ಮನಿ ಬಾಜೂಕ ಒಬ್ರು ವಕೀಲ್ರು ಇದ್ದಾರ. ಅವ್ರು ಹೇಳ್ಯಾರ, ಹುಡುಗಿ ಖುಷಿಲೆ ಬಂದಾಳ ಅನ್ನೂದು ಫೋಟೋದಾಗ ಎದ್ದು ಕಾಣಬೇಕು, ನಾಳಿ ಅವರಪ್ಪ, ಹುಡುಗ ಜಬರದಸ್ತಿ ಎತ್ಗೊಂಡು ಹೋದ ಅಂತ ಕೇಸ್ ಹಾಕಿದ್ರ ನಿಮ್ಮ ಕೈಯಾಗ ಇರೂದು ಅದೊಂದೇ ಅಂತ. ಅದಿಲ್ಲಂದ್ರ ಆಕಿನ್ನ ಎಳಕೊಂಡು ಹೋಗ್ತಾರ್ರಿ.'

ಪರದೆಯ ಹಿಂದೆ ಬಟ್ಟೆ ಮಡಚುತ್ತಿದ್ದ ಕಮಲಾಬಾಯಿ ಈ ಮಾತು ಕೇಳಿ ಹೊರಗೇ ಬಂದಳು. 'ಹೋಗಿ ಬರ್ರಿ' ಎಂದಳು. 'ಬರೇ ಸತ್ತವರ ಮನಿಗಿ ಓಡ್ತೀರಿ. ಒಮ್ಮೆರೆ ಬದುಕೋರ ಕಡೀಗಿ ಹೋಗ್ರಿ.' ಹೆಂಡತಿ ಹೀಗೆ ಪರರ ಮುಂದೆ ಅಂದಮೇಲೆ ಗಂಡಸಾದವನು ಹೋಗಲೇಬೇಕಾಗುತ್ತದೆ.

ಗುಡ್ಡವೆಂದರೆ ದೊಡ್ಡದೇನಲ್ಲ. ಬೇರೆ ಕಡೆಯವರು ಅದನ್ನು ಗುಡ್ಡವೆಂದು ಒಪ್ಪುವುದೂ ಅನುಮಾನ. ಮಲಗಿದ ಎತ್ತಿನ ಬೆನ್ನಿನಷ್ಟು ಎತ್ತರ, ತುದಿಯಲ್ಲಿ ಒಂದು ಕಲ್ಲಿನ ಗುಡಿ, ಒಂದು ಬೇವಿನ ಮರ. ಆದರೆ ನಮ್ಮ ಬಯಲುಸೀಮೆಯಲ್ಲಿ ಕೆಳಗೆ ಕಾಲಿಟ್ಟರೆ ಬಾನಂಚಿನ ತನಕ ತೊಗರಿ ಹೊಲ, ಮನುಷ್ಯನಿಗೆ ಬಚ್ಚಿಟ್ಟುಕೊಳ್ಳಲು ಜಾಗವೇ ಇಲ್ಲ. ಹತ್ತಿದರೆ ಅದೊಂದೇ ಹತ್ತಬೇಕು. ಜಿಡಗಾ ಮಠದ ಕಡೆ ಹೋಗೋಣವೆಂದರೆ ಅಲ್ಲಿ ಸಾವಕಾರರನ್ನು ಅರಿಯದವರಿಲ್ಲ. ಹೀಗಾಗಿ ಗುಡ್ಡ. ಮಳೆ ನಿಂತು ಹದಿನೈದು ದಿನವಾಗಿತ್ತು. ಹುಲ್ಲು ಒಣಗಲು ಶುರುವಾಗಿ ಕಾಲಿಗೆ ಚುಚ್ಚುತ್ತಿತ್ತು, ಕೆಳಗೆ ತೊಗರಿ ಹೂಬಿಟ್ಟು ಹಳದಿಯಾಗಿತ್ತು, ಬೆಳಗಿನ ಬಿಸಿಲು ಫೋಟೋದವನಿಗೆ ಹೇಳಿ ಮಾಡಿಸಿದಂತಿತ್ತು. ನಾನು ಮಾತ್ರ ಕ್ಯಾಮೆರಾದ ಪೆಟ್ಟಿಗೆ ಮತ್ತು ಮೂರು ಕಾಲಿನ ಸ್ಟ್ಯಾಂಡು ಹೊತ್ತು ಏದುಸಿರು ಬಿಡುತ್ತ, ನನ್ನ ಸಂಕಟಕ್ಕೆ ಹೆಂಡತಿಯನ್ನು ಬೈಯುತ್ತ ಹತ್ತಿದೆ.

ಜಗದೇವಿ ಆಗಲೇ ಮೇಲಿದ್ದಳು. ನನ್ನನ್ನು ನೋಡಿದವಳೇ ನಕ್ಕಳು. ನಾನು ಸ್ಟ್ಯಾಂಡಿನ ಕಾಲು ಬಿಚ್ಚಿದೆ, ಅದು ಒಂದು ಕಡೆ ಜಾರಿತು, ನಕ್ಕಳು. ಒಂದು ಮೇಕೆ ಬಂದು ಗುಡಿಯ ಕಟ್ಟೆಯ ಮೇಲಿದ್ದ ಮದುಮಗನ ಚೆಂಡು ಹೂವಿನ ಹಾರವನ್ನು ಅರ್ಧ ತಿಂದಿತು. ಶಿವಪುತ್ರ ಅದರ ಹಿಂದೆ ಓಡಿದ. ಇವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುವೆಂದರೆ ಬಾಯಿಗೆ ಸೆರಗು ಹಿಡಿದು ನಗುವುದಲ್ಲ, ತಲೆ ಹಿಂದಕ್ಕೆಸೆದು, ಕಣ್ಣಲ್ಲಿ ನೀರು ಬರುವ ಹಾಗೆ. ಹತ್ತೊಂಬತ್ತು ವರ್ಷದ ಹುಡುಗಿ, ಮನೆಯಿಂದ ತಪ್ಪಿಸಿಕೊಂಡು ಬಂದವಳು, ಬೆನ್ನ ಹಿಂದೆ ಯಾರಾದರೂ ಬರುತ್ತಾರೋ ಎಂದು ಹೆದರಬೇಕಾದವಳು, ಜಾತ್ರೆಗೆ ಬಂದವಳ ಹಾಗೆ ನಗುತ್ತಿದ್ದಳು. ನನಗೆ ಮೈಯೆಲ್ಲ ಉರಿಯಿತು.

ಅಯ್ಯನವರು ಗುಡಿಯ ಪೂಜೆ ಮಾಡುವ ವಯಸ್ಸಾದವರು, ಕಿವಿ ದೂರ, ಕಣ್ಣೂ ಅಷ್ಟಕ್ಕಷ್ಟೆ. ತಾಳಿ ಕೈಗೆ ಕೊಡುವ ಮೊದಲು ಅವರು ಹುಡುಗಿಯ ಕಡೆ ತಿರುಗಿ ಕೇಳಿದರು, 'ನಿಂದು ಒಪ್ಪಿಗಿ ಅದ ಏನವ್ವಾ?'

'ಅದರಿ' ಎಂದಳು.

'ಹಾಂ?'

'ಅದರಿ, ಅಯ್ಯಾ!'

'ಏನಂದಿ?'

ಜಗದೇವಿ ಬಾಯಿಯ ಎರಡೂ ಬದಿಗೆ ಕೈ ಹಿಡಿದು, 'ನಂದು ಒಪ್ಪಿಗಿ ಅದರೀ...! ಪೂರಾ ಒಪ್ಪಿಗಿ ಅದರೀ...!' ಎಂದು ಕೂಗಿದಳು. ಕೆಳಗೆ ತೊಗರಿ ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಣ್ಣುಮಕ್ಕಳು ಸೊಂಟ ನೆಟ್ಟಗೆ ಮಾಡಿ ಮೇಲೆ ನೋಡಿದರು. ಅಯ್ಯನವರು ಅವಳ ಬಾಯಿ ಅಲ್ಲಾಡಿದ್ದನ್ನು ನೋಡಿ ಸಮಾಧಾನಪಟ್ಟುಕೊಂಡು ತಲೆಯಾಡಿಸಿದರು. ಶಿವಪುತ್ರ ತಾಳಿ ಕಟ್ಟಿದ. ರೇಡಿಯೋದ ಸಣ್ಣ ಸಣ್ಣ ತಂತಿ ಬಿಗಿಯುವವನ ಕೈಗೆ ಈ ಗಂಟು ಬೀಳಲಿಲ್ಲ. ಅವಳೇ ಕೈ ಹಿಂದೆ ಹಾಕಿ ಗಂಟು ಬಿಗಿದುಕೊಂಡಳು. ಬಿಗಿದುಕೊಂಡು ಮತ್ತೆ ನಕ್ಕಳು. ನಾನು ಕ್ಯಾಮೆರಾ ಹಿಡಿದು ನಿಂತಿದ್ದೆ, ಗುಂಡಿ ಒತ್ತಲಿಲ್ಲ. ಒಂದು ರೀಲಿಗೆ ಹನ್ನೆರಡೇ ಫೋಟೋ. ಹಲ್ಲು ಕಾಣುವ ಮುಖಕ್ಕೆ ನಾನು ಒಂದನ್ನೂ ಹಾಳು ಮಾಡುವವನಲ್ಲ.

ಆಮೇಲೆ ಬೇವಿನ ಮರದ ಕೆಳಗೆ ಇಬ್ಬರನ್ನೂ ಕೂಡಿಸಿದೆ. ಗದ್ದ ಹಿಡಿದು ತಗ್ಗಿಸಿದೆ. ಕೈಗಳನ್ನು ತೊಡೆಯ ಮೇಲೆ ಇಡಿಸಿದೆ. 'ನಗಬ್ಯಾಡವ್ವ' ಎಂದೆ. ತುಟಿ ಕಚ್ಚಿಕೊಂಡಳು. ನಾನು ಕ್ಯಾಮೆರಾದ ಡಬ್ಬಿಯೊಳಗೆ ತಲೆ ಬಗ್ಗಿಸಿ ನೋಡಿದರೆ ಗಾಜಿನ ಮೇಲೆ ಅವಳ ಭುಜ ಕುಲುಕುತ್ತಿತ್ತು. 'ಆಗಂಗಿಲ್ಲ ಕಾಕಾ' ಎಂದು ಮತ್ತೆ ಬಿದ್ದು ಬಿದ್ದು ನಕ್ಕಳು. 'ನೀವು ಅದ್ರಾಗ ಮಾರಿ ಹಾಕಿದ್ರ ದಾಣಿ ತಿನ್ನೂ ಕುದುರಿ ಕಂಡಂಗ ಕಾಣ್ತೀರಿ.' ಶಿವಪುತ್ರ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದ, 'ಮಾಸ್ತರ್ರ, ನಗೂದೇ ಬರ್ಲಿ ಬಿಡ್ರಿ. ವಕೀಲ್ರು ಅದನ್ನೇ ಹೇಳ್ಯಾರ.'

ಕಸುಬಿನಲ್ಲಿ ಇನ್ನೊಬ್ಬರು ಮೂಗು ತೂರಿಸಿದರೆ ನನಗೆ ಆಗುವುದಿಲ್ಲ. 'ಮದುವಿ ನಿಂದು, ಫೋಟೋ ನಂದು' ಎಂದೆ. 'ರೇಡಿಯೋದಾಗ ನಾ ಕೈ ಹಾಕ್ತೇನೇನು? ನಾಳಿ ಈ ಫೋಟೋ ದೊಡ್ಡವರ ಕೈಗಿ ಹೋಗ್ತದ. ಮದುಮಗಳು ಮದುಮಗಳಂಗ ಕಾಣಬೇಕು. ಹಲ್ಲು ಕಿಸದ್ರ ಮಜಾಕ್ ಅಂತಾರ, ಮದುವಿ ಅನ್ನಂಗಿಲ್ಲ.' ಅವನು ಹೋಗಿ ತನ್ನ ಜಾಗದಲ್ಲಿ ಕೂತ. ನಾನು ಜಗದೇವಿಯ ಮುಂದೆ ಕುಕ್ಕರಗಾಲಲ್ಲಿ ಕೂತೆ. ಅಳುವ ಮಕ್ಕಳನ್ನು ಸುಮ್ಮನಿರಿಸಲು ನನ್ನಲ್ಲಿ ಗಿಲಕಿ ಇತ್ತು. ನಗುವವರನ್ನು ಸುಮ್ಮನಿರಿಸಲು ಒಂದು ಮಾತಿತ್ತು. ಆ ಮಾತು ಎಂದೂ ಸುಳ್ಳಾಗಿರಲಿಲ್ಲ.

'ನಿಮ್ಮವ್ವನ್ನ ನೆನಸಕೋ ತಂಗಿ' ಎಂದೆ. 'ಈಗ ಒಲಿ ಮುಂದ ಕುಂತಿರ್ತಾಳ. ನೀ ಎಲ್ಲಿ ಹ್ವಾದಿ ಅಂತ ಹುಡಕತಿರ್ತಾಳ.'

ಆ ಮುಖ ನಂದಿತು. ಒಂದೇ ಗಳಿಗೆಯಲ್ಲಿ. ಗದ್ದ ತಾನಾಗಿ ಕೆಳಗೆ ಬಂತು, ಕಣ್ಣು ನೆಲಕ್ಕೆ ಹೋಯಿತು, ಕಣ್ಣಿನ ಅಂಚಲ್ಲಿ ನೀರು ಬಂದು ನಿಂತಿತು, ಬೀಳಲಿಲ್ಲ. ನಾನು ಓಡಿಹೋಗಿ ಗುಂಡಿ ಒತ್ತಿದೆ. ಹನ್ನೆರಡನ್ನೂ ಒತ್ತಿದೆ. ಅದಾದ ಮೇಲೆ ಅವಳು ಕೆಳಗೆ ಇಳಿಯುವ ತನಕ ನಗಲಿಲ್ಲ. ನನಗೆ ಮಾತ್ರ ಎಷ್ಟು ಹಿಗ್ಗಾಗಿತ್ತೆಂದರೆ ಸ್ಟ್ಯಾಂಡಿನ ಭಾರವೂ ಗೊತ್ತಾಗಲಿಲ್ಲ.

ಫೋಟೋಗಳು ಅದ್ಭುತವಾಗಿ ಬಂದವು. ಇಷ್ಟು ವರ್ಷದಲ್ಲಿ ಜೀವಂತ ಮನುಷ್ಯರನ್ನು ನಾನು ಅಷ್ಟು ಚೊಕ್ಕವಾಗಿ ತೆಗೆದಿರಲಿಲ್ಲ. ಒಂದು ಪ್ರತಿಯನ್ನು ಕಮಲಾಬಾಯಿಗೆ ತೋರಿಸಿದೆ. ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಅದನ್ನು ಹಿಡಿದು, ಬೆಳಕಿಗೆ ತಿರುಗಿಸಿ, 'ಯವ್ವಾ, ಯಾರು ಸತ್ತಾರ್ರಿ ಇದ್ರಾಗ?' ಎಂದಳು. ಮದುವೆ ಫೋಟೋ ಎಂದೆ. 'ಈ ಹುಡುಗಿನ್ನ ಯಾರೋ ಕಟ್ಟಿ ತಂದಂಗ ಕಾಣ್ತದ. ಆಕಿ ಖುಷಿಲೆ ಬಂದಾಳ ಅನ್ನೂದು ಕಾಣಬೇಕು ಅಂತ ಆ ಹುಡುಗ ನನ್ನ ಮುಂದೇ ಹೇಳ್ಯಾನಲ್ರಿ.' ಹೆಂಗಸರಿಗೆ ಕಲೆ ತಿಳಿಯುವುದಿಲ್ಲ ಎಂದು ಹೇಳಿ ನಾನು ಎರಡು ದಿನ ಅವಳ ಜೊತೆ ಮಾತು ಬಿಟ್ಟೆ. ಫೋಟೋಗಳನ್ನು ಅವರಿಬ್ಬರೂ ಇಳಿದುಕೊಂಡಿದ್ದ ಜೇವರ್ಗಿಯ ಶಿವಪುತ್ರನ ಅತ್ತೆಯ ಮನೆಗೆ ಬಸ್ಸಿನಲ್ಲಿ ಹೋಗಿ ನಾನೇ ಕೊಟ್ಟು ಬಂದೆ. ಜಗದೇವಿ ನೋಡಿ, 'ನಾ ಹಿಂಗ ಇದ್ನೇನ್ರಿ ಕಾಕಾ?' ಎಂದು ಕೇಳಿದಳು. ತಾನು ಅಷ್ಟು ಚಂದ ಇದ್ದೇನೆಯೇ ಎಂದು ಆಶ್ಚರ್ಯಪಡುತ್ತಿದ್ದಾಳೆ ಎಂದುಕೊಂಡು ನಾನು ಬೀಗಿದೆ.

ಹದಿನೈದು ದಿನವೂ ಆಗಲಿಲ್ಲ, ಠಾಣೆಯಿಂದ ಕರೆ ಬಂತು. ಯಾವ ಠಾಣೆ ಎಂದು ನಾನು ಹೇಳುವುದಿಲ್ಲ. ಆ ಫೌಜದಾರರು ಈಗ ಎಲ್ಲೋ ಪೆನ್ಶನ್ ತಿಂದುಕೊಂಡು ಮೊಮ್ಮಕ್ಕಳನ್ನು ಆಡಿಸುತ್ತಿರಬಹುದು. ಪಾಸ್‌ಪೋರ್ಟ್ ಸೈಜಿನ ಫೋಟೋಕ್ಕೆ ಪೊಲೀಸಪ್ಪ ಬಂದು ಕೂತರೂ ನನಗೆ ಅವನ ಗದ್ದ ಹಿಡಿಯುವ ಧೈರ್ಯ ಬರುತ್ತಿರಲಿಲ್ಲ. ನಾನು ಹೋದಾಗ ಅಲ್ಲಿ ಎಲ್ಲರೂ ಇದ್ದರು. ಸಾವಕಾರರು ಕುರ್ಚಿಯ ಮೇಲೆ, ಬಿಳಿ ಅಂಗಿ, ಬಿಳಿ ರುಮಾಲು. ಶಿವಪುತ್ರ ನೆಲದ ಮೇಲೆ, ಒಂದು ಕೆನ್ನೆ ಊದಿತ್ತು. ಅಯ್ಯನವರನ್ನು ಒಂದು ಮೂಲೆಯಲ್ಲಿ ಕೂಡಿಸಿದ್ದರು. ಜಗದೇವಿ ಗೋಡೆಗೆ ಆತು ನಿಂತಿದ್ದಳು. ಮೇಜಿನ ಮೇಲೆ ನನ್ನ ಹನ್ನೆರಡು ಫೋಟೋ ಇಸ್ಪೀಟು ಹರವಿದಂತೆ ಹರವಿದ್ದವು.

'ನಾ ನನ್ನ ಖುಷಿಲೆ ಬಂದೇನ್ರಿ' ಎಂದು ಜಗದೇವಿ ಹೇಳುತ್ತಿದ್ದಳು. ಅದನ್ನು ಅವಳು ಎಷ್ಟನೆಯ ಸಲ ಹೇಳುತ್ತಿದ್ದಳೋ, ದನಿ ಒಡೆದಿತ್ತು.

'ಹೆದರಿಸ್ಯಾರ, ಹಂಗ ಅಂತಾಳ' ಎಂದರು ಸಾವಕಾರರು.

ಫೌಜದಾರರು ಒಂದು ಫೋಟೋ ಎತ್ತಿ ಶಿವಪುತ್ರನ ಮುಖದ ಮುಂದೆ ಹಿಡಿದರು. 'ಇದೇ ಏನಲೇ ನಿನ್ನ ಸಾಕ್ಷಿ? ಹುಡುಗಿ ಮಾರಿ ನೋಡು. ಖುಷಿಲೆ ಮದುವಿ ಆಗೋ ಹುಡುಗಿ ಮಾರಿ ಹಿಂಗ ಇರ್ತದ? ಕಣ್ಣಾಗ ನೀರು ನಿಂತಾವ. ಹನ್ನೆರಡರಾಗ ಒಂದರಾಗರೆ ತುಟಿ ಬಿಚ್ಯಾಳೇನು?' ಅಯ್ಯನವರನ್ನು ಕೇಳಿದರು. ಅಯ್ಯನವರು ಕೈ ಎತ್ತಿ ಫೌಜದಾರರಿಗೆ ಆಶೀರ್ವಾದ ಮಾಡಿದರು.

ಆಗ ಜಗದೇವಿ ನನ್ನನ್ನು ನೋಡಿದಳು. 'ಈ ಕಾಕಾನ್ನ ಕೇಳ್ರಿ' ಎಂದಳು. 'ಎಲ್ಲಾ ಕೇಳ್ಯಾರ ಅವ್ರು. ನಾ ಹ್ಯಾಂಗ ನಗತಿದ್ದೆ ಅನ್ನೂದು ಅವ್ರಿಗಿ ಗೊತ್ತದ. ಕಾಕಾ, ಹೇಳ್ರಿ.'

ಕೋಣೆಯಲ್ಲಿ ಇದ್ದವರೆಲ್ಲ ನನ್ನ ಕಡೆ ತಿರುಗಿದರು. ಹೇಳಬೇಕಾದದ್ದು ಬಹಳವೇನೂ ಇರಲಿಲ್ಲ. ಈ ಹುಡುಗಿ ಗುಡ್ಡದ ಮೇಲೆ ನಿಂತು ಒಪ್ಪಿಗೆ ಇದೆ ಎಂದು ಕೂಗಿದಳು ಸ್ವಾಮಿ, ಹೊಲದವರೂ ತಲೆಯೆತ್ತಿ ನೋಡಿದರು, ತಾಳಿಯ ಗಂಟನ್ನು ತಾನೇ ಬಿಗಿದುಕೊಂಡಳು, ನಕ್ಕು ನಕ್ಕು ನನಗೆ ಬೇಜಾರು ಬರಿಸಿದಳು, ಅವಳನ್ನು ಅಳಿಸಿದ್ದು ನಾನು, ತಾಯಿಯ ಮಾತು ತೆಗೆದು ಅಳಿಸಿದೆ, ಮುಖ ಕೆಡಿಸಿದ್ದು ನನ್ನ ಕಸುಬು. ಇಷ್ಟೇ. ಬಾಯಿ ತೆರೆದೆ. ಸಾವಕಾರರು ನನ್ನನ್ನು ನೋಡುತ್ತಿದ್ದರು. ಅಫಜಲಪುರದ ಕಡೆಯ ಮದುವೆಗಳೆಲ್ಲ ಅವರ ಒಂದು ಮಾತಿನ ಮೇಲೆ ನನಗೆ ಬರುತ್ತಿದ್ದವು. ಫೌಜದಾರರು ಬೆಲ್ಟು ಸರಿ ಮಾಡಿಕೊಂಡರು. ಇವೆರಡರ ನಡುವೆ ಇನ್ನೊಂದು ಇತ್ತು, ಹೇಳಲು ನಾಚಿಕೆಯಾಗುತ್ತದೆ: ಆ ಫೋಟೋ ಕೆಟ್ಟ ಫೋಟೋ ಎಂದು ನಾಕು ಮಂದಿಯ ಮುಂದೆ ನಾನೇ ಹೇಳಬೇಕಿತ್ತು. ಅದು ನನ್ನ ಕೈಯಲ್ಲಿ ಆಗಲಿಲ್ಲ.

'ನಾ ಇದ್ದದ್ದು ಇದ್ದಂಗ ತೆಗೀತೇನ್ರಿ ಸಾಹೇಬ್ರ' ಎಂದೆ.

'ಮುಗೀತಲ್ಲ' ಎಂದರು ಫೌಜದಾರರು.

ಜಗದೇವಿ ಅಳಲಿಲ್ಲ, ನನ್ನನ್ನು ಬೈಯಲೂ ಇಲ್ಲ. ಬೈದಿದ್ದರೆ ನಾನು ಇವತ್ತು ಸ್ವಲ್ಪ ಚೆನ್ನಾಗಿ ನಿದ್ದೆ ಮಾಡುತ್ತಿದ್ದೆ. ಅವಳನ್ನು ಜೀಪಿನಲ್ಲಿ ಅವಳ ಅಪ್ಪನ ಜೊತೆ ಕಳಿಸಿದರು. ಶಿವಪುತ್ರನಿಗೆ ಬುದ್ಧಿ ಹೇಳಿದರು. ಹೇಳುವ ಸಪ್ಪಳ ಹೊರಗೂ ಕೇಳಿಸಿತು. ಅವನು ಅಂಗಡಿ ಮುಚ್ಚಿ ಸೊಲ್ಲಾಪುರದ ಕಡೆ ಹೋದ ಎಂದು ಆಮೇಲೆ ತಿಳಿಯಿತು. ರಿಪೇರಿಗೆ ಬಂದ ರೇಡಿಯೋಗಳನ್ನೆಲ್ಲ ಅವರವರ ಮನೆಗೆ ಮುಟ್ಟಿಸಿ ಹೋದನಂತೆ. ಮನೆಗೆ ಬಂದು ಕಮಲಾಬಾಯಿಗೆ ಎಲ್ಲ ಹೇಳಿದೆ. ಅವಳು ತಾಟಿಗೆ ರೊಟ್ಟಿ ಹಾಕಿದಳು. ಪಲ್ಯ ಹಾಕಲಿಲ್ಲ, ಖಾರವನ್ನೂ ಇಡಲಿಲ್ಲ. ಬರೀ ರೊಟ್ಟಿ ತಿಂದು ಎದ್ದೆ.

ಇಲ್ಲಿಗೆ ಮುಗಿದಿದ್ದರೆ ನಾನು ಈ ಮಾತನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಹೇಗೋ ದಿನ ತಳ್ಳುತ್ತಿದ್ದೆ. ಯುಗಾದಿಗೆ ಹತ್ತು ದಿನವಿರುವಾಗ ಸಾವಕಾರರು ಖುದ್ದಾಗಿ ಸ್ಟುಡಿಯೋಕ್ಕೆ ಬಂದರು. ಕುಂಬಳಕಾಯಿ ಕಳ್ಳನ ಹಾಗೆ ನಾನು ಹೆಗಲು ಮುಟ್ಟಿ ನೋಡಿಕೊಳ್ಳುವಷ್ಟರಲ್ಲಿ ಅವರೇ ನಗುಮುಖದಿಂದ, 'ಮಾಸ್ತರ್ರ, ಹಳೇದು ಬಿಡ್ರಿ' ಎಂದರು. ಸೋದರಮಾವ ಈ ಹುಡುಗಿ ತನಗೆ ಬೇಡವೆಂದಿದ್ದ. ಎರಡು ಮಕ್ಕಳ, ಬೋಳುತಲೆಯ ಮನುಷ್ಯನಿಗೂ ಆಗ ಮಾನ ಮರ್ಯಾದೆ ನೆನಪಾಗಿತ್ತು. ಈಗ ಈ ಸುದ್ದಿ ಮುಟ್ಟದ ಒಂದು ದೂರದ ಮನೆತನ ಹೆಣ್ಣು ಕೇಳಿತ್ತು. ಅವರಿಗೆ ಹುಡುಗಿಯ ಫೋಟೋ ಕಳಿಸಬೇಕಿತ್ತು.

'ಕರಕೊಂಡು ಬರ್ರಿ, ತೆಗೀತೇನಿ' ಎಂದೆ.

'ಆಕಿ ಈಗ ಜರಾ ಸೊರಗ್ಯಾಳ. ನೀವು ಗುಡ್ಡದ ಮ್ಯಾಲ ತೆಗದಿದ್ರಲ್ಲ, ಅದು ಭಾಳ ಛಂದ ಅದ. ಠಾಣ್ಯಾಗೇ ನೋಡಿ ಇಟ್ಟಿದ್ದೆ. ಬಾಜೂಕಿನಂವನ್ನ ಕತ್ತರಿಸಿ ತೆಗೀರಿ. ಹಾರ ಕಾಣದಂಗ ಬರೇ ಮಾರಿ ಬರ್ಲಿ.' ಹೊರಡುವಾಗ ಬಾಗಿಲಲ್ಲಿ ನಿಂತು, 'ಕಣ್ಣಾಗ ಎಂಥಾ ಕಳಾ ಅದ ನೋಡ್ರಿ ಅದ್ರಾಗ' ಎಂದರು. ಅವರು ಒಳ್ಳೆಯ ತಂದೆ. ಖರೇನೇ ಮೆಚ್ಚಿ ಹೇಳಿದರು.

ನಾನು ಮಾಡಿಕೊಟ್ಟೆ. ನೆಗೆಟಿವ್‌ನ ಮೇಲೆ ಕಪ್ಪು ಕಾಗದ ಅಂಟಿಸಿ ಶಿವಪುತ್ರನನ್ನು ಮುಚ್ಚಿದೆ. ಅವನ ಭುಜ ಅವಳ ಭುಜಕ್ಕೆ ತಾಗಿತ್ತು. ಅಲ್ಲಿ ಒಂದು ಎಳೆಯಷ್ಟು ಅಂಗಿ ಉಳಿದುಕೊಂಡಿತು, ಪೆನ್ಸಿಲಿನಿಂದ ತೀಡಿ ಅದನ್ನೂ ಸೀರೆಯ ಅಂಚು ಮಾಡಿದೆ. ಕೈ ಎಲ್ಲಿಯೂ ತಪ್ಪಲಿಲ್ಲ. ಆ ಮನೆತನದವರು ಫೋಟೋ ನೋಡಿ, ಹುಡುಗಿ ಎಷ್ಟು ಗಂಭೀರ, ಎಂಥ ತಗ್ಗಿಬಗ್ಗಿ ನಡೆಯುವ ಸ್ವಭಾವ, ಈಗಿನ ಕಾಲದಲ್ಲಿ ಇಂಥ ಹುಡುಗಿ ಸಿಗುವುದುಂಟೇ ಎಂದು ಬಂದು ನೋಡುವ ಮೊದಲೇ ಒಪ್ಪಿಕೊಂಡರಂತೆ. ಈ ಮಾತನ್ನು ಸಾವಕಾರರು ಊರೆಲ್ಲ ಹೇಳಿಕೊಂಡು ಬಂದರು. ಹೆಣ್ಣು ಹೆತ್ತವರು ಜೇವರ್ಗಿಯಿಂದ ಕೂಡ ನನ್ನನ್ನು ಹುಡುಕಿಕೊಂಡು ಬರತೊಡಗಿದರು.

ಮದುವೆಗೆ ಬೇರೆ ಫೋಟೋದವನನ್ನು ಕರೆಯುವ ಪ್ರಶ್ನೆಯೇ ಇರಲಿಲ್ಲ. ಹೋದೆ. ಚಪ್ಪರದಲ್ಲಿ ನೂರಾರು ಮಂದಿ, ಬ್ಯಾಂಡು, ಹುಗ್ಗಿಯ ವಾಸನೆ. ಮಂಟಪದಲ್ಲಿ ಜಗದೇವಿ ಹೊಸ ಗಂಡನ ಪಕ್ಕ ಕೂತಿದ್ದಳು. ಹುಡುಗ ಕೆಟ್ಟವನಂತೆ ಕಾಣಲಿಲ್ಲ, ಬೆವರುತ್ತಿದ್ದ, ಪಾಪ. ಅವಳ ಕತ್ತು ತೆಳ್ಳಗಾಗಿತ್ತು. ನಾನು ಸ್ಟ್ಯಾಂಡು ಹಾಕಿದೆ, ಹೊಸ ಅತ್ತೆ ಬಂದು ಅವಳ ಸೆರಗು ಸರಿಮಾಡಿ ಹಿಂದೆ ನಿಂತರು. ನಾನು ಹತ್ತಿರ ಹೋಗಿ, ಯಾರಿಗೂ ಕೇಳಿಸದ ಹಾಗೆ, ಇಪ್ಪತ್ತು ವರ್ಷದಲ್ಲಿ ಯಾವ ಮದುಮಗಳಿಗೂ ಹೇಳದ ಮಾತು ಹೇಳಿದೆ.

'ಜರಾ ನಗವ್ವ ತಂಗಿ.'

ಅವಳು ಮುಖ ಎತ್ತಿದಳು. ನನ್ನ ಮೇಲೆ ಸಿಟ್ಟು ಇದ್ದಂತೆ ಕಾಣಲಿಲ್ಲ. ಮಕ್ಕಳು ಮಾಸ್ತರರನ್ನು ಪಾಠದಲ್ಲಿ ತಿಳಿಯದ್ದನ್ನು ಕೇಳುವಂತೆ, ಮೆಲ್ಲಗೆ ಕೇಳಿದಳು, 'ಈಗ ನಕ್ರ ನಡೀತದೇನ್ರಿ, ಕಾಕಾ?'

'ಏನಂತಾಳ ಹುಡುಗಿ?' ಎಂದು ಹಿಂದಿನಿಂದ ಅತ್ತೆ ಕೇಳಿದರು.

ಮದುಮಗನೂ ನನ್ನ ಕಡೆ ನೋಡಿದ. ಸಾವಕಾರರು ದೂರದಲ್ಲಿ ಯಾರಿಗೋ ಕೈ ಮುಗಿಯುತ್ತಿದ್ದವರು ಇತ್ತ ತಿರುಗಿದರು.

'ಏನಿಲ್ರಿ ಯವ್ವಾ' ಎಂದೆ. 'ಕಣ್ಣಿಗಿ ಬೆಳಕು ಹೊಡೀತದಂತ.'

'ಹಂಗಾರ ತಲಿ ತಗ್ಗಿಸವ್ವ' ಎಂದರು ಅತ್ತೆ. ಅವರು ಹೇಳುವ ಮೊದಲೇ ಅವಳು ತಗ್ಗಿಸಿದ್ದಳು. ಗದ್ದ ಒಂದು ಬೆರಳು ಕೆಳಗೆ, ಕಣ್ಣು ನೆಲಕ್ಕೆ, ಕೈ ತೊಡೆಯ ಮೇಲೆ. ನಾನು ಕ್ಯಾಮೆರಾದ ಹಿಂದೆ ಹೋಗಿ ನಿಂತೆ. ಹೇಳಿಕೊಡಲು ಇನ್ನೇನೂ ಉಳಿದಿರಲಿಲ್ಲ.